ನೀಲಿ ಒಲೆಯ ಕಾವಲು

ನಾನು ಕಾವಲಿಗೆ ಕೂತಾಗ ನನಗೆ ಮೂವತ್ತಾರು ವರ್ಷ. ನಮ್ಮ ಊರಿನಲ್ಲಿ ಅದು ತಡವೇ. ನನ್ನ ವಾರಗೆಯವರೆಲ್ಲ ಆಗಲೇ ಒಂದೋ ಎರಡೋ ಕಾವಲು ಮುಗಿಸಿ, ಅದರ ಸುದ್ದಿಯನ್ನು ಚಹಾದಂಗಡಿಯಲ್ಲಿ ಹೇಳಿ ಹೇಳಿ ಕೇಳುವವರಿಗೆ ಸಾಕು ಮಾಡಿದ್ದರು. ನಾನು ಬಸ್ ಡ್ರೈವರ್. ದಿನಾ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವ ಕೆಲಸ. ಕಾವಲಿಗೆ ಕೂತವರು ಊರಿನ ಗಡಿ ದಾಟುವಂತಿಲ್ಲವಾದ್ದರಿಂದ ಮುಂದೂಡುತ್ತ ಬಂದಿದ್ದೆ.

ಹೊರಗಿನವರಿಗೆ ಇಷ್ಟು ಹೇಳಿದರೆ ಸಾಕು. ಆಕಾಶಕ್ಕೆ ಹೋಗುವ ನೌಕೆಗಳಲ್ಲಿ ನಿಧಾನದವು ಎಂದು ಒಂದು ಜಾತಿ ಇದೆ. ಅವು ಬೆಂಕಿ ಉಗುಳುವುದಿಲ್ಲ. ರೆಕ್ಕೆಯಂಥ ಹಲಗೆಗಳಲ್ಲಿ ಬಿಸಿಲು ಹಿಡಿದು ಕರೆಂಟು ಮಾಡಿಕೊಳ್ಳುತ್ತವೆ. ಆ ಕರೆಂಟಿನಿಂದ ಜೆನಾನ್ ಎಂಬ ಅನಿಲದ ಕಣಗಳನ್ನು ಹಿಂದಕ್ಕೆ ದಬ್ಬಿ ತಾವು ಮುಂದಕ್ಕೆ ಹೋಗುತ್ತವೆ. ದಬ್ಬುವ ಕಡೆ ನೀಲಿ ಬೆಳಕು ಕಾಣುವುದರಿಂದ ನಮ್ಮವರು ಅದನ್ನು ನೀಲಿ ಒಲೆ ಎನ್ನುತ್ತಾರೆ. ಸಣ್ಣ ಒಲೆಯ ಬಲ ಎಷ್ಟೆಂದರೆ, ಅಂಗೈ ಮೇಲೆ ಒಂದು ಲಗ್ನಪತ್ರಿಕೆ ಇಟ್ಟುಕೊಂಡರೆ ಎಷ್ಟು ಭಾರವೋ ಅಷ್ಟು. ದೊಡ್ಡದಾದರೆ ಒಂದು ತೆಂಗಿನಕಾಯಿಯಷ್ಟು. ಆದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡದೆ ದಬ್ಬುತ್ತದೆ, ಹಾಗಾಗಿ ಬಹಳ ದೂರ ಹೋಗುತ್ತದೆ. ಇನ್ನು ನಮ್ಮ ಊರಿನ ಮಾತು. ಇಲ್ಲಿ ಮೊದಲ ಗುಂಡಿ ಯಾರು ಒತ್ತುತ್ತಾರೋ ಅವರು ಊರೊಳಗಿರುವ ತನಕ ಮಾತ್ರ ಆ ಒಲೆ ಉರಿಯುತ್ತದೆ. ಅವರು ಗಡಿ ದಾಟಿದರೆ ಆರುತ್ತದೆ, ವಾಪಸ್ಸು ಬಂದರೆ ಹೊತ್ತಿಕೊಳ್ಳುತ್ತದೆ. ಹಾಗೆ ಊರು ಬಿಡದೆ ಇರುವುದನ್ನೇ ಕಾವಲು ಎನ್ನುತ್ತೇವೆ. ಯಾಕೆ ಎಂದು ನಮ್ಮ ನೌಕಾ ಕಚೇರಿಯವರೂ ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಬೇರೆ ಕಡೆಯ ಒಲೆಗಳು ಕೆಟ್ಟಷ್ಟು ನಮ್ಮವು ಕೆಡುವುದಿಲ್ಲ, ಅಷ್ಟು ಸಾಕು ಅವರಿಗೆ.

ನಮ್ಮ ಬೀದಿಯಲ್ಲೇ ಆಗ ನಾಲ್ಕು ಜನ ಕಾವಲಿನಲ್ಲಿದ್ದರು. ಹೂವಿನಂಗಡಿಯ ಗೌರಮ್ಮ ಟೀವಿ ಉಪಗ್ರಹವೊಂದನ್ನು ಅದರ ಜಾಗಕ್ಕೆ ಏರಿಸುತ್ತಿದ್ದಳು, ಆರು ತಿಂಗಳ ಕೆಲಸ. ಡ್ರಿಲ್ ಮೇಷ್ಟ್ರು ಕೆಟ್ಟು ಸುತ್ತುತ್ತಿದ್ದ ಹಳೆಯ ರಾಕೆಟ್ ತುಂಡೊಂದನ್ನು ಕೆಳಕ್ಕೆ ಎಳೆದು ತರುತ್ತಿದ್ದರು, ಗಾಳಿಗೆ ಸಿಕ್ಕಿ ಸುಟ್ಟುಹೋಗಲಿ ಎಂದು. ಮೇಷ್ಟ್ರ ಹೆಂಡತಿ ಎಣ್ಣೆ ಮುಗಿದ ಲಾರಿಗೆ ಎಣ್ಣೆ ಒಯ್ದುಕೊಟ್ಟಂತೆ, ಅನಿಲ ತೀರಿದ ಉಪಗ್ರಹಗಳಿಗೆ ಜೆನಾನ್ ಒಯ್ದು ತುಂಬುತ್ತಿದ್ದರು. ಎದುರು ಮನೆಯ ಪಂಪಣ್ಣಜ್ಜನದು ತೀರಾ ಕೆಳಗೆ ಹಾರುವ ಮಳೆ-ಗಾಳಿ ನೋಡುವ ಉಪಗ್ರಹ. ಅಷ್ಟು ಕೆಳಗೆ ತೆಳ್ಳಗೆ ಗಾಳಿ ಇನ್ನೂ ಇರುತ್ತದೆ. ಅದರ ಒಲೆ ಆ ಗಾಳಿಯನ್ನೇ ನುಂಗಿ ಉರಿಯುತ್ತದೆ. ಅನಿಲ ತೀರುವ ಮಾತಿಲ್ಲ, ಹಾಗಾಗಿ ಅಜ್ಜನ ಕಾವಲೂ ತೀರುವ ಮಾತಿಲ್ಲ. ಹನ್ನೊಂದು ವರ್ಷದಿಂದ ಅವನು ಊರು ಬಿಟ್ಟಿರಲಿಲ್ಲ. "ನಾನೆಲ್ಲಿಗೆ ಹೋಗೋದೈತಿ ಬಿಡಪ್ಪ" ಎನ್ನುತ್ತಿದ್ದ. ಆದರೂ ಸಂಜೆ ಬಸ್ ಸ್ಟ್ಯಾಂಡಿಗೆ ಬಂದು ಬಸ್ಸುಗಳ ಬೋರ್ಡು ಓದುತ್ತ ಕೂರುತ್ತಿದ್ದ.

ನನ್ನ ಪಾಲಿಗೆ ಬಂದದ್ದು ದೊಡ್ಡ ನೌಕೆ. ಮಂಗಳನ ಮೇಲಿನ ಠಾಣೆಗೆ ಸಾಮಾನು ಒಯ್ಯುವುದು. ಜನ ಹೋಗುವುದು ಬೇಗ ಹೋಗುವ ನೌಕೆಯಲ್ಲಿ, ಅವರ ಸಾಮಾನು ಹೋಗುವುದು ನಿಧಾನದ ನೌಕೆಯಲ್ಲಿ. ಅಲ್ಲಿ ಮೂವತ್ತೊಂದು ಜನರಿದ್ದರು. ನೀರು ಸೋಸುವ ಯಂತ್ರದ ಬಿಡಿಭಾಗ, ಔಷಧ, ಬಿತ್ತನೆ ಬೀಜ, ಎರಡು ವರ್ಷದ ಊಟ, ಎಲ್ಲ ನನ್ನ ನೌಕೆಯಲ್ಲಿ. ಮೂರು ವರ್ಷ ನಾಲ್ಕು ತಿಂಗಳ ದಾರಿ. ಇಷ್ಟು ಉದ್ದದ ದಾರಿಗೆ ಬಿಡುವು ಎಂದು ಕೆಲವು ದಿನ ಕೊಡುತ್ತಾರೆ. ಅಷ್ಟು ದಿನ ಒಲೆ ಆರಿದರೂ ದಾರಿಯನ್ನು ಸರಿಪಡಿಸಿಕೊಳ್ಳಬಹುದು, ಅದಕ್ಕಿಂತ ಒಂದು ದಿನ ಹೆಚ್ಚಾದರೆ ನೌಕೆ ಮಂಗಳನ ಹತ್ತಿರ ಹೋಗಿ ನಿಲ್ಲದೆ ದಾಟಿಹೋಗುತ್ತದೆ. ನನಗೆ ಹದಿನಾಲ್ಕು ದಿನ ಬಿಡುವು. ದಾರಿಯ ಲೆಕ್ಕ ಹಾಕುವ ಇಂದುಮತಿ ಮೇಡಂ ಗುಂಡಿ ಒತ್ತಿಸುವ ಮುಂಚೆ ನನ್ನನ್ನು ಕೂರಿಸಿಕೊಂಡು ಹೇಳಿದರು: "ಕೊಟ್ರೇಶಪ್ಪ, ಎಲ್ರೂ ಮೊದಲನೇ ವರ್ಷದಲ್ಲೇ ಮುಗಿಸ್ಕೊಂಡು ಆಮೇಲೆ ನನ್ನ ಹತ್ರ ಬಂದು ಅಳ್ತಾರೆ. ನೀವು ಹಂಗೆ ಮಾಡಬೇಡಿ."

ನಾನು ತಲೆ ಆಡಿಸಿ, ಹಾಗೆಯೇ ಮಾಡಿದೆ. ಹೆಂಡತಿ ಹೇಮಳ ತಂಗಿಯ ಮದುವೆಗೆ ನಾಲ್ಕು ದಿನ. ಮಾವ ತೀರಿಕೊಂಡಾಗ ಮೂರು ದಿನ. ಊರಲ್ಲಿದ್ದ ದಿನಗಳಲ್ಲಿ ಬಸ್ಸನ್ನು ಊರಿನ ಗಡಿಯಾದ ಕಾಲುವೆ ಸೇತುವೆಯ ತನಕ ಓಡಿಸಿ ಇಳಿದುಬಿಡುತ್ತಿದ್ದೆ. ಅಲ್ಲಿಂದ ಮುಂದಕ್ಕೆ ಇನ್ನೊಬ್ಬ ಡ್ರೈವರ್ ಜಬ್ಬಾರ್ ಓಡಿಸುತ್ತಿದ್ದ. ನಾನು ಸೇತುವೆಯ ಈಚೆ ಕಟ್ಟೆಯ ಮೇಲೆ ಕೂತು, ಅವನು ವಾಪಸ್ಸು ತಂದ ಬಸ್ಸನ್ನು ಊರೊಳಕ್ಕೆ ಓಡಿಸುತ್ತಿದ್ದೆ. ಮೂರು ಕಿಲೋಮೀಟರಿನ ಡ್ರೈವರ್ ಎಂದು ಪ್ರಯಾಣಿಕರು ನಗುತ್ತಿದ್ದರು.

ಎಂಟನೆಯ ತಿಂಗಳಲ್ಲಿ ನನ್ನ ತಂಗಿ ದಾಕ್ಷಾಯಣಿಯ ಮಗಳಿಗೆ ನಾಮಕರಣವಿತ್ತು. ದಾಕ್ಷಿಯ ಮನೆ ಸಮುದ್ರದ ಕಡೆ, ಒಂಬತ್ತು ತಾಸಿನ ದಾರಿ. ಅಪ್ಪ ಅವ್ವ ಇಲ್ಲದ ಮೇಲೆ ಅವಳಿಗೆ ತವರು ಎಂದರೆ ನಾನೇ. ಸೋದರಮಾವ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು ಎಂದು ಅವಳಿಗೆ ಆಸೆಯಿತ್ತು. ಬಿಡುವಿನ ದಿನ ಉಳಿಸಿಕೊಳ್ಳಬೇಕು, ಬರಲಾಗುವುದಿಲ್ಲ ಎಂದೆ. ಅವಳು ಅರ್ಥ ಮಾಡಿಕೊಂಡಳು. ಮುಂದಿನ ತಿಂಗಳು ನಾನು ಎರಡು ದಿನ ಖರ್ಚು ಮಾಡಿ ಪಕ್ಕದ ಜಿಲ್ಲೆಯ ಕುಸ್ತಿ ನೋಡಲು ಹೋದೆ. ಒಂಬತ್ತು ತಿಂಗಳು ಮೂರು ಕಿಲೋಮೀಟರು ಓಡಿಸಿದವನಿಗೆ ತಲೆ ಕೆಟ್ಟಿತ್ತು, ಸ್ನೇಹಿತರು ಕರೆದರು, ಹತ್ತಿ ಹೊರಟುಬಿಟ್ಟೆ. ಅಲ್ಲಿ ಟೀವಿಯವರು ಬಂದಿದ್ದರು. ಗೆದ್ದ ಪೈಲ್ವಾನನನ್ನು ಹೆಗಲ ಮೇಲೆ ಹೊತ್ತವರಲ್ಲಿ ನಾನೂ ಒಬ್ಬ. ದಾಕ್ಷಿ ಅದನ್ನು ನೋಡಿದಳು. ಆಮೇಲೆ ನನ್ನ ಫೋನು ಎತ್ತುವುದನ್ನೇ ಬಿಟ್ಟಳು.

ಹದಿನಾಲ್ಕನೆಯ ತಿಂಗಳಲ್ಲಿ ಅವಳ ಗಂಡ ಚಂದ್ರಮೌಳಿ ಫೋನು ಮಾಡಿದ. ದಾಕ್ಷಿಯ ಎರಡೂ ಕಿಡ್ನಿ ಕೆಲಸ ಮಾಡುತ್ತಿಲ್ಲ, ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದೆ ಎಂದ. "ನಂದು ಹೊಂದಲಿಲ್ಲ ಭಾವ. ನಿಮಗೆ ಹೇಳಬೇಡ ಅಂದಿದ್ಳು. ಹೇಳದೆ ಇರೋಕೆ ಆಗಲಿಲ್ಲ."

ಮಾರನೆಯ ದಿನವೇ ಊರಿನ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಜಬ್ಬಾರನ ಬಸ್ಸಿನಲ್ಲಿ ದಾಕ್ಷಿಯ ಆಸ್ಪತ್ರೆಯತ್ತ ಕಳಿಸಿದೆ. ಎರಡು ವಾರಕ್ಕೆ ಉತ್ತರ ಬಂತು. ನನ್ನದು ಚೆನ್ನಾಗಿ ಹೊಂದುತ್ತದೆ. ಹೇಮಳನ್ನು ಕೇಳಿದೆ. ಅವಳು ಒಲೆಯ ಮೇಲಿದ್ದ ಹಾಲು ಇಳಿಸಿ, ಕೈ ಒರೆಸಿಕೊಂಡು, "ಕೊಡ್ರಿ. ಕೇಳೋದೇನಿದೆ" ಎಂದಳು. ಆಮೇಲೆ ಸ್ವಲ್ಪ ಹೊತ್ತು ಹಿತ್ತಿಲಿಗೆ ಹೋಗಿ ನಿಂತಿದ್ದಳು. ಆದರೆ ಆಸ್ಪತ್ರೆಯವರ ಪ್ರಕಾರ ಪರೀಕ್ಷೆ, ಆಪರೇಷನ್, ಆಮೇಲೆ ಪ್ರಯಾಣಕ್ಕೆ ಮೈ ಗಟ್ಟಿಯಾಗುವುದು ಎಲ್ಲ ಸೇರಿ ಎರಡೂವರೆ ವಾರ ಬೇಕು. ನನ್ನ ಹತ್ತಿರ ಉಳಿದಿದ್ದದ್ದು ಐದು ದಿನ.

ಇಂದುಮತಿ ಮೇಡಂ ಬಾಗಿಲು ಮುಂದೆ ಮಾಡಿಕೊಂಡು ದಾರಿಯ ನಕ್ಷೆ ತೆಗೆದರು. "ಈಗ ಹೋದ್ರೆ ನೌಕೆ ಕೈಬಿಟ್ಟ ಹಾಗೆ. ಅಲ್ಲಿಯವರ ಊಟ ನಿಮ್ಮ ಸಾಮಾನು ತಲುಪೋ ದಿನಕ್ಕೆ ಸರಿಯಾಗಿ ಹೊಂದಿಸಿದೆ, ಎರಡು ತಿಂಗಳು ಆಚೆ ಈಚೆ ತಡೆದುಕೊಳ್ತಾರೆ, ಅಷ್ಟೇ. ಆದ್ರೆ ಇಲ್ಲಿ ನೋಡಿ." ಅವರು ಬೆರಳಿಟ್ಟ ಕಡೆ ದಾರಿಯ ಗೆರೆ ಬೇರೆ ಬಣ್ಣದಲ್ಲಿತ್ತು. ಹತ್ತೊಂಬತ್ತನೆಯ ತಿಂಗಳಲ್ಲಿ ಇಪ್ಪತ್ತು ದಿನ ಒಲೆಯನ್ನು ಬೇಕೆಂದೇ ಆರಿಸಿ ನೌಕೆಯನ್ನು ಸುಮ್ಮನೆ ತೇಲಲು ಬಿಡುತ್ತಾರೆ. ನಾವು ಅದಕ್ಕೆ ತಣ್ಣನೆ ಹಾದಿ ಎನ್ನುತ್ತೇವೆ. ಆಗ ಕಾವಲಿನವನು ಎಲ್ಲಿ ಬೇಕಾದರೂ ಹೋಗಬಹುದು. "ಇನ್ನೂ ಐದು ತಿಂಗಳಿದೆ. ನಿಮ್ಮ ತಂಗಿ ಅಲ್ಲೀತನಕ ಡಯಾಲಿಸಿಸ್ ಮೇಲೆ ತಡೀಬಹುದಾ ಅನ್ನೋದನ್ನ ನಾನು ಹೇಳೋಕಾಗಲ್ಲ. ಯಾವುದು ಸರಿ ಅಂತಾನೂ ಹೇಳೋಕಾಗಲ್ಲ."

ಚಂದ್ರಮೌಳಿಯ ಫೋನಿಗೆ ಮಾಡಿ ದಾಕ್ಷಿಗೆ ಕೊಡು ಎಂದೆ.

"ಏನಣ್ಣ, ಇವತ್ತು ಎಲ್ಲೂ ಕುಸ್ತಿ ಇಲ್ವಾ?" ಎಂದಳು.

"ನನ್ನ ಕಿಡ್ನಿ ಹೊಂದುತ್ತಂತೆ ಕಣೇ."

"ನಿನ್ನ ದಿನ ಉಳಿಸ್ಕೋ. ನಂಗೆ ಬೇಡ."

ನಾನು ತಣ್ಣನೆ ಹಾದಿಯ ವಿಷಯ ಹೇಳಿದೆ. ಐದು ತಿಂಗಳು ತಡೆಯುತ್ತೀಯಾ ಎಂದು ಕೇಳಿದೆ. ಆ ಕಡೆಯಿಂದ ಯಂತ್ರವೊಂದು ಗುಂಯ್ ಎನ್ನುವ ಸದ್ದು ಕೇಳುತ್ತಿತ್ತು.

"ಈಗಲೇ ಹೊರಟು ಬರ್ತೀನಿ ಅಂತ ಒಂದು ಮಾತು ಬಾಯಿಗೆ ಬರಲಿಲ್ಲ ಅಲ್ವಾ ನಿಂಗೆ?" ಎಂದಳು.

"ಬಂತು ದಾಕ್ಷಿ. ಮೂವತ್ತೊಂದು ಜನ ಇದಾರೆ ಅಲ್ಲಿ."

"ತಡೀತೀನಿ. ಆದ್ರೆ ದಿನಾ ಫೋನ್ ಮಾಡಬೇಕು ನೀನು. ಇಲ್ಲಿ ನಾಲ್ಕು ತಾಸು ಸೂಜಿ ಚುಚ್ಚಿಸ್ಕೊಂಡು ಬಿದ್ದಿರಬೇಕು. ಹೊತ್ತೇ ಹೋಗಲ್ಲ" ಎಂದಳು.

ದಿನಾ ಮಾಡಿದೆ. ಸೇತುವೆಯ ಕಟ್ಟೆಯ ಮೇಲೆ ಕೂತು, ಬಸ್ಸು ವಾಪಸ್ಸು ಬರುವ ತನಕ. ಮೊದಮೊದಲು ಅವಳು ಹೂಂ, ಉಹೂಂ ಅಷ್ಟೇ. ಮೂರನೆಯ ವಾರದಿಂದ ಪಕ್ಕದ ಹಾಸಿಗೆಯವರ ಸುದ್ದಿ ಹೇಳತೊಡಗಿದಳು. ಕಾಲು ಊದುವುದು, ಬಾಯಾರಿದರೂ ಲೋಟ ಅಳೆದು ನೀರು ಕುಡಿಯುವುದು, ಮಗು ಇಂಚರ ಅವಳ ಕೈಯ ಪಟ್ಟಿ ಕೀಳಲು ಬರುವುದು. ಅವಳು ಕೋರ್ಟಿನಲ್ಲಿ ಬೆರಳಚ್ಚು ಕೆಲಸ ಮಾಡುತ್ತಿದ್ದವಳು. ಅದನ್ನು ಬಿಡಬೇಕಾಗಿ ಬಂದಿತ್ತು.

ಹಾಗೆ ಕಾಯುತ್ತಿದ್ದ ನಾಲ್ಕನೆಯ ತಿಂಗಳಲ್ಲಿ ಅವಳಿಗೆ ನಂಜಾಗಿ ಜ್ವರ ಏರಿತು. ಮೂರು ದಿನ ಫೋನಿಗೆ ಬರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಚಂದ್ರಮೌಳಿ ಅಳುತ್ತ ಮಾತಾಡಿದ. ನಾನು ಎರಡು ಅಂಗಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಸೇತುವೆ ಬಂದರೂ ಇಳಿಯಲಿಲ್ಲ, ಸ್ಟಿಯರಿಂಗ್ ಹಿಡಿದುಕೊಂಡೇ ಕೂತೆ. ಜಬ್ಬಾರ್ ಕೆಳಗೆ ನಿಂತು ನನ್ನ ಚೀಲ ನೋಡಿದ.

"ಹೋಗೋದಾದ್ರೆ ಹೋಗು, ನಾನು ಯಾಕೆ ಅಂತ ಕೇಳಲ್ಲ" ಎಂದ. "ಇಳಿಯೋದಾದ್ರೆ ಇಳಿ. ಒಟ್ಟು ಒಂದು ಮಾಡಪ್ಪ, ಒಳಗೆ ಪರೀಕ್ಷೆಗೆ ಹೋಗೋ ಮಕ್ಕಳಿದಾರೆ."

ಆಗ ಫೋನು ಬಂತು. ದಾಕ್ಷಿಯದೇ. ದನಿ ಗುರುತು ಸಿಗದಷ್ಟು ಸಣ್ಣದಾಗಿತ್ತು. "ಅಣ್ಣ, ಇವರು ನಿನಗೆ ಏನೋ ಹೇಳಿಬಿಟ್ಟಿದಾರೆ ಅಂತ ಗೊತ್ತಾಯ್ತು. ಬರಬೇಡ. ಈಗ ಬಂದು ಐದು ದಿನ ಕಳೆದರೆ ಆಮೇಲೆ ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಏನು ಮಾಡ್ತೀಯ? ಇಷ್ಟು ದಿನ ಕಾದಿದೀನಿ." ನಾನು ಬಸ್ಸಿನಿಂದ ಇಳಿದೆ. ಜಬ್ಬಾರ್ ಹತ್ತಿ, ಬಸ್ಸು ಬಿಟ್ಟ. ಜ್ವರ ಇಳಿಯಲು ಇನ್ನೂ ಆರು ದಿನ ಹಿಡಿಯಿತು.

ಹತ್ತೊಂಬತ್ತನೆಯ ತಿಂಗಳ ಎರಡನೆಯ ಮಂಗಳವಾರ ಒಲೆ ಆರಿಸಿದರು. ಅರ್ಧ ತಾಸಿನೊಳಗೆ ನಾನೂ ಹೇಮಳೂ ಸೇತುವೆ ದಾಟಿದ್ದೆವು. ಐದನೆಯ ದಿನ ಆಪರೇಷನ್ ಆಯಿತು. ಎಚ್ಚರವಾದಾಗ ಎಡಪಕ್ಕೆಯಲ್ಲಿ ಬೆಂಕಿ ಇಟ್ಟಂತೆ ಉರಿ. ಹೇಮ ಬಗ್ಗಿ, "ಅವಳಿಗೆ ಕೂಡಿಸಿದ ಕೂಡಲೇ ಕೆಲಸ ಶುರು ಮಾಡ್ತಂತೆ. ಡಾಕ್ಟರೇ ಖುಷಿಯಾಗಿದಾರೆ" ಎಂದಳು. ನಾಲ್ಕು ದಿನದ ಮೇಲೆ ಗಾಜಿನ ಆಚೆಯಿಂದ ದಾಕ್ಷಿಯನ್ನು ನೋಡಿದೆ. ಮುಖದ ಊತ ಇಳಿದು ಮತ್ತೆ ನಮ್ಮ ಅವ್ವನ ಮೂಗು ಕಾಣಿಸುತ್ತಿತ್ತು. ಅವಳು ನೀರಿನ ಲೋಟ ಎತ್ತಿ ತೋರಿಸಿ ಗಟಗಟ ಕುಡಿದಳು. ಹದಿನೆಂಟನೆಯ ದಿನ ಜಿಲ್ಲಾ ಕೇಂದ್ರದಿಂದ ನಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಕೊಂಡು ಊರಿಗೆ ಬಂದೆ. ಜಬ್ಬಾರ್ ರಸ್ತೆಯ ಒಂದೊಂದು ಗುಂಡಿಗೂ ಬಸ್ಸನ್ನು ನಿಲ್ಲಿಸಿಯೇ ಇಳಿಸಿದ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಒಲೆ ಹೊತ್ತಿಸಲು ಅಪ್ಪಣೆ ಕಳಿಸಿದರು. ಅದು ತಲುಪಲು ಒಂಬತ್ತು ನಿಮಿಷ, ಉತ್ತರ ಬರಲು ಒಂಬತ್ತು ನಿಮಿಷ. ಉತ್ತರ ಬಂತು, ಆದರೆ ಒಲೆ ಹೊತ್ತಿರಲಿಲ್ಲ. ಮಧ್ಯಾಹ್ನದ ತನಕ ಐದು ಸಲ ಕಳಿಸಿದರು. ಕರೆಂಟು ಸರಿಯಾಗಿತ್ತು, ಅನಿಲ ಬರುತ್ತಿತ್ತು, ಕೊಳವೆ ಕಟ್ಟಿರಲಿಲ್ಲ. ಆ ದಿನ ನನ್ನ ಬಿಡುವಿನಲ್ಲಿ ಒಂದು ಹೋಯಿತು. ಮಾರನೆಯ ದಿನ ರಾಜಧಾನಿಯಿಂದ ಇಬ್ಬರು ಬಂದು ಎಲ್ಲ ಮತ್ತೆ ನೋಡಿದರು. ಇನ್ನೊಂದು ಹೋಯಿತು. ಊರಿನಲ್ಲಿ ಜನ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಅವನು ಕದ್ದು ಯಾವಾಗಲೋ ಗಡಿ ದಾಟಿರಬೇಕು, ಅದಕ್ಕೇ ಒಲೆ ಮುನಿದಿದೆ ಎಂದು ಗೌರಮ್ಮನ ಅಂಗಡಿಯಲ್ಲಿ ಆಡಿಕೊಂಡದ್ದು ಹೇಮಳ ಕಿವಿಗೆ ಬಿತ್ತು.

ಮೂರನೆಯ ದಿನ ಹೊತ್ತೇರುವ ಮುಂಚೆ ಇಂದುಮತಿ ಮೇಡಂ ನಮ್ಮ ಮನೆಗೇ ಬಂದರು. ಕುರ್ಚಿ ಎಳೆದರೂ ಕೂರಲಿಲ್ಲ.

"ಕೊಟ್ರೇಶಪ್ಪ, ನೀವು ಪೂರ್ತಿ ವಾಪಸ್ಸು ಬಂದಿಲ್ಲ" ಎಂದರು.

ನನಗೆ ತಿಳಿಯಲಿಲ್ಲ. ಹೇಮಳಿಗೆ ತಿಳಿಯಿತು. ಅವಳು ನನ್ನ ಎಡಪಕ್ಕೆಯ ಕಡೆ ನೋಡಿದಳು.

"ಹಲ್ಲು ಕೀಳಿಸ್ಕೊಂಡವರಿದಾರೆ, ಅಪೆಂಡಿಕ್ಸ್ ತೆಗೆಸ್ಕೊಂಡವರಿದಾರೆ" ಎಂದೆ ನಾನು. "ಅವರ ಒಲೆಗೆ ಏನೂ ಆಗಲಿಲ್ಲವಲ್ಲ ಮೇಡಂ?"

"ಅವೆಲ್ಲ ಸತ್ತವು. ಇದು ಬದುಕಿದೆ. ಅಲ್ಲಿ, ಒಂಬತ್ತು ತಾಸಿನ ದೂರದಲ್ಲಿ ಕೆಲಸ ಮಾಡ್ತಾ ಇದೆ." ಅವರು ತಮ್ಮ ಕೈಗಳನ್ನು ನೋಡಿಕೊಂಡರು. "ನನಗೆ ಮೊದಲೇ ಹೊಳೀಬೇಕಿತ್ತು. ನಾನೇ ತಣ್ಣನೆ ಹಾದಿ ತೋರಿಸಿದವಳು. ತಪ್ಪಿದ್ದರೆ ನಂದು."

ದಾಕ್ಷಿಗೆ ಆಪರೇಷನ್ ಆಗಿ ಮೂರು ವಾರವೂ ತುಂಬಿರಲಿಲ್ಲ. ಹೊಸ ಕಿಡ್ನಿಯನ್ನು ಮೈ ಒಲ್ಲೆ ಎನ್ನದಿರಲೆಂದು ಕೊಡುವ ಮಾತ್ರೆಗಳಿಂದ ಅವಳಿಗೆ ಸಣ್ಣ ನೆಗಡಿಯೂ ಪ್ರಾಣಕ್ಕೆ ಬರುವಂತಿತ್ತು. ಮೂರು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಬೇಕು ಎಂದಿದ್ದರು. ಅವಳನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಕೊಟ್ಟದ್ದನ್ನು ವಾಪಸ್ಸು ಕೇಳಿದಂತೆ ಆಗುತ್ತಿತ್ತು. ಫೋನು ಮಾಡಿದ್ದು ಹೇಮ. ಎಲ್ಲವನ್ನೂ ಹೇಳಿ, "ನೀನು ಬರಬೇಡ ಅಂದ್ರೂ ಯಾರೂ ನಿನ್ನ ತಪ್ಪು ಅನ್ನಲ್ಲ ದಾಕ್ಷಿ. ನಾನಂತೂ ಅನ್ನಲ್ಲ" ಎಂದಳು.

ದಾಕ್ಷಿ ಕೇಳಿದ್ದು ಒಂದೇ ಮಾತು: "ಎಷ್ಟು ದಿನ ಉಳಿದಿದೆ ಅತ್ತಿಗೆ?"

"ಇವತ್ತು ಬಿಟ್ಟರೆ ಎರಡು."

ಡಾಕ್ಟರು ಒಪ್ಪಲಿಲ್ಲ. ಅವಳು ಸ್ವಂತ ಜವಾಬ್ದಾರಿ ಎಂದು ಬರೆದುಕೊಟ್ಟು ಹೊರಟಳು. ಡಾಕ್ಟರಿಗೆ ಸಿಟ್ಟು ಬಂದರೂ ಒಬ್ಬ ನರ್ಸನ್ನೂ ಔಷಧದ ಪೆಟ್ಟಿಗೆಯನ್ನೂ ಜೊತೆಗೆ ಕಳಿಸಿದರು. ಚಂದ್ರಮೌಳಿ ಮಗುವನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಕಾರು ಓಡಿಸಿದ. ಬಿಡುವಿನ ಕೊನೆಯ, ಐದನೆಯ ದಿನ ಹಗಲು ಹನ್ನೊಂದಕ್ಕೆ ಕಿಟಕಿಯೆಲ್ಲ ಮುಚ್ಚಿದ ಕಾರು ಸೇತುವೆಗೆ ಬಂತು. ಊರಿನವರು ಅಲ್ಲಿ ನೆರೆದಿದ್ದರು. ಹತ್ತಿರ ಬಂದು ಉಸಿರು ತಾಕಿಸಬಾರದೆಂದು ಡ್ರಿಲ್ ಮೇಷ್ಟ್ರು ಹಗ್ಗ ಕಟ್ಟಿ ಎಲ್ಲರನ್ನೂ ದೂರ ನಿಲ್ಲಿಸಿದ್ದರು. ಕಾರು ದಾಟಿತು. ಇಂದುಮತಿ ಮೇಡಂ ಫೋನು ಕಿವಿಗಿಟ್ಟುಕೊಂಡು ನಿಂತರು. ಕಚೇರಿಯವರು ಬೆಳಗಿನಿಂದ ಅಪ್ಪಣೆಯನ್ನು ಬಿಡದೆ ಕಳಿಸುತ್ತಲೇ ಇದ್ದರು, ಹಾಗಾಗಿ ಕಾಯಬೇಕಾದದ್ದು ಒಂಬತ್ತು ನಿಮಿಷ. ಕಾರಿನೊಳಗೆ ಮಾಸ್ಕ್ ಹಾಕಿಕೊಂಡ ದಾಕ್ಷಿ ನನ್ನ ಕಡೆ ನೋಡುತ್ತಿದ್ದಳು. ನಾನು ಹಗ್ಗದ ಈಚೆ ನಿಂತಿದ್ದೆ. ಒಂಬತ್ತು ನಿಮಿಷ ಕಳೆದು, ಹತ್ತಾಯಿತು. ಆಮೇಲೆ ಮೇಡಂ ಫೋನು ಕೆಳಗಿಳಿಸಿ, "ಹೊತ್ತಿದೆ" ಎಂದರು. ಯಾರೂ ಕೂಗಲಿಲ್ಲ. ಪಂಪಣ್ಣಜ್ಜ ಮಾತ್ರ ಜೋರಾಗಿ ಸೀನಿದ, ಎಲ್ಲರೂ ಅವನನ್ನು ಬೈದು ಹಿಂದಕ್ಕೆ ಕಳಿಸಿದರು.

ಇನ್ನೂ ಇಪ್ಪತ್ತು ತಿಂಗಳ ದಾರಿ ಉಳಿದಿತ್ತು. ಬಿಡುವಿನ ದಿನ ಒಂದೂ ಉಳಿದಿರಲಿಲ್ಲ, ನನಗೂ ಇಲ್ಲ, ಅವಳಿಗೂ ಇಲ್ಲ. ನಮ್ಮ ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಬಳಿದು ದಾಕ್ಷಿಯನ್ನು ಇರಿಸಿದೆವು. ಅವಳ ರಕ್ತವನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಮೊದಲು ದಿನಾ, ಆಮೇಲೆ ವಾರಕ್ಕೊಮ್ಮೆ ಜಬ್ಬಾರ್ ಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೆ ಒಯ್ಯುತ್ತಿದ್ದ. ಎರಡು ಸಲ ಕಿಡ್ನಿ ಮುನಿಯುವ ಸೂಚನೆ ಕಂಡು, ಎರಡು ಸಲವೂ ಆ ಡಾಕ್ಟರೇ ಬೈಯುತ್ತ ಬಂದು ಔಷಧ ಬದಲಿಸಿ ಹೋದರು. ದಾಕ್ಷಿ ಬಂದ ಮೂರನೆಯ ತಿಂಗಳಲ್ಲಿ ಇಂಚರ ಬಂದಳು. ಚಂದ್ರಮೌಳಿ ಶನಿವಾರ ಬಂದು ಭಾನುವಾರ ಹೋಗುತ್ತಿದ್ದ. ದಾಕ್ಷಿ ಎದ್ದು ಓಡಾಡುವಂತಾದ ಮೇಲೆ ಇಂದುಮತಿ ಮೇಡಂ ಅವಳನ್ನು ಕಚೇರಿಗೆ ಕರೆದು, ಠಾಣೆಗೆ ಹೋಗುವ ಪತ್ರಗಳನ್ನು ಬೆರಳಚ್ಚು ಮಾಡುವ ಕೆಲಸ ಕೊಟ್ಟರು. ಅಲ್ಲಿಯ ಅಡುಗೆಯವಳು ಅವಳಿಗೆ ನೇರವಾಗಿ ಪತ್ರ ಬರೆಯತೊಡಗಿದಳು. ಅಲ್ಲಿ ಈರುಳ್ಳಿ ಇಲ್ಲದೆ ಒಗ್ಗರಣೆ ಹೇಗೆ ಹಾಕುತ್ತಾರೆ ಎಂಬ ಸುದ್ದಿ ನಮ್ಮ ಬೀದಿಗೆಲ್ಲ ಗೊತ್ತಾಯಿತು.

ಎಲ್ಲ ಸುಗಮವಾಗಿತ್ತು ಎಂದು ಹೇಳಲಾರೆ. ದಾಕ್ಷಿಗೂ ಹೇಮಳಿಗೂ ಉಪ್ಪಿನ ವಿಷಯದಲ್ಲಿ ದಿನಾ ಜಗಳ. ಒಂದು ದಿನ ದಾಕ್ಷಿ ತಟ್ಟೆ ದೂಡಿ, "ನಿನ್ನ ಕಿಡ್ನಿ ಇಟ್ಕೊಂಡು ನಿನ್ನೂರಲ್ಲಿ ಸೆರೆವಾಸ ಆಗಿದೆ ನಂದು" ಎಂದು ನನ್ನ ಮುಖಕ್ಕೇ ಹೇಳಿದಳು. ಮೂವತ್ತೊಂದನೆಯ ತಿಂಗಳಲ್ಲಿ ಚಂದ್ರಮೌಳಿಯ ತಾಯಿ ತೀರಿಕೊಂಡರು. ಕಾಯಿಲೆಯ ದಿನಗಳಲ್ಲಿ ದಾಕ್ಷಿಯ ತಲೆ ಬಾಚಿ, ಮಗುವನ್ನು ಸಾಕಿದವರು. ದಾಕ್ಷಿ ಸೀರೆ ಉಟ್ಟು, ಚಪ್ಪಲಿ ಹಾಕಿಕೊಂಡು, ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಹೋಗಬೇಡ ಎನ್ನಲು ನನಗೆ ಮುಖವಿರಲಿಲ್ಲ, ಹೋಗು ಎನ್ನಲೂ ಆಗಲಿಲ್ಲ.

"ಆ ದಿನ ಸೇತುವೆ ಹತ್ರ ನೀನು ಇಳಿದೆಯಲ್ಲ, ನಾನು ಹೇಳಿದ್ದಕ್ಕೆ ಇಳಿದೆಯಾ, ಇಲ್ಲ ನೀನಾಗೇ ಇಳಿತಿದ್ದೆಯಾ?" ಎಂದು ಕೇಳಿದಳು.

"ಗೊತ್ತಿಲ್ಲ ದಾಕ್ಷಿ. ಫೋನ್ ಬರದೇ ಇದ್ದಿದ್ರೆ ಹೋಗಿಬಿಡ್ತಿದ್ದೆ ಅನ್ನಿಸುತ್ತೆ."

ಅವಳು ಮಗುವನ್ನು ನನ್ನ ಕೈಗೆ ಕೊಟ್ಟಳು. "ಇವಳನ್ನ ಅತ್ತಿಗೆ ಜೊತೆ ಕಳಿಸು. ನನ್ನ ಪರವಾಗಿ ಒಬ್ಬರಾದ್ರೂ ಮಣ್ಣು ಹಾಕಲಿ" ಎಂದಳು. ಹೇಮ ಮಗುವನ್ನು ಕರೆದುಕೊಂಡು ಹೋದಳು. ದಾಕ್ಷಿ ಆ ದಿನವೆಲ್ಲ ಚಪ್ಪಲಿ ಬಿಚ್ಚದೆ ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಮಧ್ಯಾಹ್ನ ಎರಡು ಸಲ ನೀರು ತಂದುಕೊಟ್ಟೆ, ಕುಡಿದಳು.

ನೌಕೆ ಮಂಗಳನ ಸುತ್ತ ಸುರುಳಿ ಸುತ್ತುತ್ತ ಇಳಿಯಲು ಮೂರು ತಿಂಗಳು ಹಿಡಿಯಿತು. ನಲವತ್ತನೆಯ ತಿಂಗಳ ಕೊನೆಯ ಗುರುವಾರ ಸಾಮಾನಿನ ಪೆಟ್ಟಿಗೆ ಬೇರೆಯಾಗಿ ಕೆಳಗಿಳಿದು ನೆಲ ಮುಟ್ಟಿತು. ಠಾಣೆಯವರು ಬಾಗಿಲು ತೆರೆದು ಮೊದಲು ನೀರಿನ ಯಂತ್ರದ ಭಾಗ ಹುಡುಕಿದರಂತೆ, ಆಮೇಲೆ ಈರುಳ್ಳಿ ಬೀಜ. ಒಲೆಯನ್ನು ಆರಿಸುವ ಅಪ್ಪಣೆಯ ಪತ್ರವನ್ನು ದಾಕ್ಷಿಯೇ ಬೆರಳಚ್ಚು ಮಾಡಿದಳು. ಕೆಳಗೆ ಸಹಿಯ ಜಾಗದಲ್ಲಿ ಇಂದುಮತಿ ಮೇಡಂ ನನ್ನ ಹೆಸರಿನ ಪಕ್ಕ ಅವಳ ಹೆಸರನ್ನೂ ಬರೆಯಿಸಿ, ಇಬ್ಬರಿಂದಲೂ ಸಹಿ ತೆಗೆದುಕೊಂಡರು.

ಶುಕ್ರವಾರ ಬೆಳಿಗ್ಗೆ ಚಂದ್ರಮೌಳಿ ಬಂದ. ದಾಕ್ಷಿಯ ಸಾಮಾನು ಎರಡು ಪೆಟ್ಟಿಗೆ, ಮಾತ್ರೆಯ ಡಬ್ಬಿ, ಹೇಮ ಕೊಟ್ಟ ಉಪ್ಪಿಲ್ಲದ ಉಪ್ಪಿನಕಾಯಿ. ನೀನೂ ಬಾ ಅಣ್ಣ ಎಂದು ಅವಳು ಕರೆದಳು. ಬರುತ್ತೇನೆ, ಇವತ್ತು ಬೇಡ, ಡ್ಯೂಟಿ ಇದೆ ಎಂದೆ. ಡ್ಯೂಟಿ ಇರಲಿಲ್ಲ. ಕಾರು 'ಮಾಮ, ಮಾಮ' ಎಂಬ ಇಂಚರಳ ಕೂಗಿನೊಂದಿಗೆ ಬೀದಿ ತಿರುಗಿತು. ನಾನು ಅಂಗಳದಲ್ಲೇ ನಿಂತೆ. ಕಾರು ಸೇತುವೆ ಮುಟ್ಟಲು ಏಳೆಂಟು ನಿಮಿಷ ಬೇಕು. ನನಗೆ ಏನಾದರೂ ಆಗಬಹುದು ಎಂದುಕೊಂಡು ಎಡಪಕ್ಕೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ಹೇಮ ಒಳಗಿನಿಂದ ಬಂದು ನೋಡಿ, ಪಕ್ಕದಲ್ಲಿ ನಿಂತಳು. ಫೋನು ಬಂತು.

"ದಾಟಿದೆ ಅಣ್ಣ" ಎಂದಳು ದಾಕ್ಷಿ. "ನಿನಗೇನಾದ್ರೂ ಆಯ್ತಾ?"

"ಇಲ್ಲ ಕಣೇ. ನಿನಗೆ?"

"ನಂಗೂ ಏನಿಲ್ಲ."

ಕಾರಿನ ಸದ್ದು ಕೇಳುತ್ತಿತ್ತು. ಅವಳು ಫೋನು ಇಡಲಿಲ್ಲ, ನಾನೂ ಇಡಲಿಲ್ಲ.